ಮಿಡಿಸೌತೆ ಬಾಟ್ಲಿ, ಹಳೇ ಹೆಡ್‌ಫೋನ್

ಕಳೆದ ಸಂಚಿಕೆಯಲ್ಲಿ ಪೂರ್ವ ಜರ್ಮನಿಯ ಕತೆ ಹೇಳುವ ‘ಗುಡ್ ಬೈ, ಲೆನಿನ್!’ ಸಿನಿಮಾದ ಬಗ್ಗೆ ಅರ್ಧ ಪುಟ ಬರೆದಿದ್ದೆ. ಅಷ್ಟಕ್ಕೇ ಪತ್ರಗಳ ರಾಶಿ ಬಂತು. ಕಮ್ಯುನಿಸ್ಟ್ ದೇಶಗಳ ಬದುಕು ಸಿನಿಮಾದಲ್ಲಿ ಹೇಗೆ ಕಾಣುತ್ತದೆ ಅನ್ನುವುದು ನಮ್ಮ ಜಿಲ್ಲೆಯಲ್ಲಿ ಇಷ್ಟು ಜನರ ನಿದ್ದೆ ಕೆಡಿಸುತ್ತಿದೆ ಅಂತ ನನಗೆ ಗೊತ್ತಿರಲಿಲ್ಲ. ಹಾಗಾಗಿ ಈ ಸಲದ ಪುಟ ಪೂರ್ತಿ ಅದಕ್ಕೇ.

ಹೊಸಬರಿಗೆ ಒಂದು ಮಾತು. ನಾನು ಸಿನಿಮಾ ಓದಿಕೊಂಡವಳಲ್ಲ. ಟೆಲಿಫೋನ್ ಆಪರೇಟರ್ ಆಗಿ ರಿಟೈರ್ ಆದವಳು. ಹುಟ್ಟಿದ್ದು ಶಿರಸಿ ಕಡೆ, ಈಗ ಮನೆ ಕಾರವಾರದ ಕೋಡಿಬಾಗದಲ್ಲಿ. ಸಂಜೆ ಹೊತ್ತು ಒಂದು ಸಿನಿಮಾ ನೋಡುತ್ತೇನೆ, ಅಷ್ಟೇ.

ಅಕ್ಕಾ, ಇಂಥ ಸಿನಿಮಾಗಳಲ್ಲಿ ಯಾವಾಗ್ಲೂ ಬೂದು ಬಣ್ಣದ ಕೋಟು, ಹಿಮ, ಪಿಸುಮಾತು. ನಮ್ಮ ಲೆಕ್ಚರರ್ ಒಬ್ಬರು ಇದೆಲ್ಲ ಅಮೆರಿಕದವರು ಕಟ್ಟಿದ ಸುಳ್ಳು ಅಂತಾರೆ. ನಮ್ಮ ಮಾವ ಪ್ರತಿ ಅಕ್ಷರ ನಿಜ ಅಂತಾರೆ. ಯಾರನ್ನ ನಂಬ್ಲಿ? — ಕಾಲೇಜು ವಿದ್ಯಾರ್ಥಿನಿ, ಕುಮಟಾ

ಇಬ್ಬರನ್ನೂ ಜಗಲಿಯಲ್ಲಿ ಕೂರಿಸಿ ಚಾ ಕೊಟ್ಟು ಬಾ. ನಾವು ಅಡುಗೆಮನೆಗೆ ಹೋಗೋಣ.

ತಮಾಷೆಗೆ ಹೇಳುತ್ತಿಲ್ಲ. ಇಂಥ ಸಿನಿಮಾ ನೋಡುವಾಗ ನಾನು ಮೊದಲು ಹುಡುಕುವುದು ಅಡುಗೆಮನೆಯನ್ನೇ. ಡಬ್ಬಿಯಲ್ಲಿ ಏನಿತ್ತು, ಅಂಗಡಿಯಲ್ಲಿ ಏನು ಸಿಗುತ್ತಿತ್ತು, ಏನು ಸಿಗುತ್ತಿರಲಿಲ್ಲ, ಅದಕ್ಕೆ ಯಾರ ಕೈ ಬಿಸಿ ಮಾಡಬೇಕಿತ್ತು. ಇದು ಗೊತ್ತಿರುವ ಸಿನಿಮಾ ಮಿಕ್ಕ ವಿಷಯದಲ್ಲೂ ಜಾಸ್ತಿ ಸುಳ್ಳು ಹೇಳುವುದಿಲ್ಲ. ಬರೀ ಮಿಲಿಟರಿ ಬೂಟು ಮತ್ತು ಲೆನಿನ್ ಫೋಟೋ ತೋರಿಸುವವರ ಮೇಲೆ ನನಗೆ ಅನುಮಾನ.

‘ಗುಡ್ ಬೈ, ಲೆನಿನ್!’ 2003ರದ್ದು. ಮಗ ಪೊಲೀಸರ ಕೈಗೆ ಸಿಕ್ಕಿದ್ದನ್ನು ನೋಡಿ ತಾಯಿ ಕುಸಿದು ಬೀಳುತ್ತಾಳೆ. ಅವತ್ತು 1989ರ ಅಕ್ಟೋಬರ್ 7, ಪೂರ್ವ ಜರ್ಮನಿಗೆ 40 ತುಂಬಿದ ಹಬ್ಬದ ದಿನ. ಎಂಟು ತಿಂಗಳು ಕೋಮಾದಲ್ಲಿ ಮಲಗಿ ಏಳುವಷ್ಟರಲ್ಲಿ ಬರ್ಲಿನ್ ಗೋಡೆ ಬಿದ್ದಿದೆ, ಅಂಗಡಿಯ ಕಪಾಟೆಲ್ಲ ಬದಲಾಗಿದೆ. ಆಘಾತ ಆಗಬಾರದು ಅಂತ ಡಾಕ್ಟರ್ ಹೇಳುತ್ತಾರೆ. ಮಗ ಆ ಒಂದು ಕೋಣೆಯೊಳಗೆ ಹಳೇ ದೇಶವನ್ನೇ ಉಳಿಸಿಕೊಳ್ಳುತ್ತಾನೆ. ಅಮ್ಮ ಕೇಳುವುದು ದೊಡ್ಡದೇನಲ್ಲ. ಸ್ಪ್ರೀವಾಲ್ಡ್ ಕಡೆಯ ಮಿಡಿಸೌತೆ ಉಪ್ಪಿನಕಾಯಿ. ಅದು ಅಂಗಡಿಯಲ್ಲಿ ನಿಂತೇಹೋಗಿದೆ. ಹುಡುಗ ಕಸದಲ್ಲಿ ಹಳೇ ಬಾಟ್ಲಿ ಹುಡುಕಿ ತಂದು, ತೊಳೆದು, ಹೊರಗಿನಿಂದ ಬಂದ ಮಿಡಿಸೌತೆ ತುಂಬಿಡುತ್ತಾನೆ. ಅಪ್ಪೆಮಿಡಿ ತಿಂದು ಬೆಳೆದ ಯಾರಿಗೂ ಆ ಅಮ್ಮನ ಆಸೆಯನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಇನ್ನೊಂದು ಕಡೆ ನನಗೆ ಗಂಟಲು ಕಟ್ಟಿತು. ತಾಯಿ ಕೂಡಿಟ್ಟ ಹಳೇ ಮಾರ್ಕು ನೋಟುಗಳನ್ನು ಎಲ್ಲಿಟ್ಟಿದ್ದಾಳೆ ಅಂತ ಅವಳಿಗೇ ನೆನಪಾಗುವುದಿಲ್ಲ. ಸಿಗುವಷ್ಟರಲ್ಲಿ ಬದಲಿಸುವ ದಿನ ದಾಟಿಹೋಗಿದೆ. ನಮ್ಮ ಸಣ್ಣತ್ತೆ ತೀರಿಕೊಂಡ ಮೇಲೆ, 2017ರ ಜನವರಿಯಲ್ಲಿ, ಮೆಂತ್ಯದ ಡಬ್ಬಿಯ ತಳದಲ್ಲಿ ಐನೂರರ ಒಂಬತ್ತು ಹಳೇ ನೋಟು ಸಿಕ್ಕಿದವು. ಬ್ಯಾಂಕಿಗೆ ಕಟ್ಟುವ ಗಡುವು ಡಿಸೆಂಬರ್ 30ಕ್ಕೇ ಮುಗಿದಿತ್ತು. ಇವತ್ತಿಗೂ ಮೆಂತ್ಯದ ವಾಸನೆ ಆ ನೋಟುಗಳಿಗೆ.

ಈಗ ಜಗಲಿಯವರ ವಿಷಯಕ್ಕೆ ಬರೋಣ. ಲೆಕ್ಚರರ್‌ಗೆ ಹೇಳು: ಈ ಪುಟದಲ್ಲಿ ನಾನು ಹೆಸರು ಹೇಳುವ ಸಿನಿಮಾಗಳಲ್ಲಿ ಹೆಚ್ಚಿನವು ಜರ್ಮನ್ನರು, ರುಮೇನಿಯಾದವರು, ಹಂಗೇರಿಯವರು, ಚೀನಾದವರು ತಮ್ಮ ಬಗ್ಗೆ ತಾವೇ ಮಾಡಿದವು. ಮಾವನಿಗೆ ಹೇಳು: ‘ಗುಡ್ ಬೈ, ಲೆನಿನ್!’ ಮಾಡಿದ ವೋಲ್ಫ್‌ಗಾಂಗ್ ಬೆಕರ್ ಹುಟ್ಟಿ ಬೆಳೆದದ್ದು ಪಶ್ಚಿಮ ಜರ್ಮನಿಯಲ್ಲಿ. ಪೂರ್ವದ ಅಂಗಡಿಗಳ ಕ್ಯೂನಲ್ಲಿ ಅವರು ನಿಂತವರಲ್ಲ. ತಾಯಿಯ ಪಾತ್ರ ಮಾಡಿದ ಕಾಟ್ರಿನ್ ಸಾಸ್ ಪೂರ್ವದವರು. ಆ ಮುಖ ನೋಡಿ ನಾನು ನಂಬಿದೆ.

ಮೇಡಂ, ‘ದ ಲೈವ್ಸ್ ಆಫ್ ಅದರ್ಸ್’ನಲ್ಲಿ ಕದ್ದು ಕೇಳುವ ಅಧಿಕಾರಿ ಕೊನೆಗೆ ಒಳ್ಳೆಯವನಾಗುತ್ತಾನೆ. ಆಪರೇಟರ್ ಆಗಿದ್ದ ನಿಮಗೆ ಇದು ನಂಬುವ ಹಾಗಿದೆಯಾ? — ನಿವೃತ್ತ ಬ್ಯಾಂಕ್ ನೌಕರರು, ಶಿರಸಿ

ಈ ಪ್ರಶ್ನೆಗೆ ಕಾಯ್ತಾ ಇದ್ದೆ ಅಂತಲೇ ಇಟ್ಟುಕೊಳ್ಳಿ.

ಈ ಸಿನಿಮಾ 2006ರದ್ದು. ಮರುವರ್ಷ ಆಸ್ಕರ್ ಬಂತು. ಕತೆ ನಡೆಯುವುದು 1984ರ ಪೂರ್ವ ಬರ್ಲಿನ್ನಿನಲ್ಲಿ. ಸ್ಟಾಸಿ ಅಂದರೆ ಅಲ್ಲಿನ ಗುಪ್ತ ಪೊಲೀಸು. ಅದರ ಅಧಿಕಾರಿ ವೀಸ್ಲರ್ ಒಬ್ಬ ನಾಟಕಕಾರನ ಮನೆಯ ಅಟ್ಟದಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂರುತ್ತಾನೆ. ಕೆಳಗೆ ನಡೆಯುವ ಜಗಳ, ಪ್ರೀತಿ, ಪಿಯಾನೊ ಎಲ್ಲ ಅವನ ಕಿವಿಗೆ. ಕೇಳ್ತಾ ಕೇಳ್ತಾ ಮೆತ್ತಗಾಗಿ ಸುಳ್ಳು ವರದಿ ಬರೆಯತೊಡಗುತ್ತಾನೆ.

ಹೆಡ್‌ಫೋನ್ ಹಾಕಿ ಕೂರುವ ಭಂಗಿ ಮಾತ್ರ ನೂರಕ್ಕೆ ನೂರು ಸರಿ. ಕಣ್ಣು ಎಲ್ಲೋ, ಕಿವಿ ಇನ್ನೆಲ್ಲೋ. ರಾತ್ರಿ ಪಾಳಿಯಲ್ಲಿ ಕಿವಿ ಬೆವೆತು ತುರಿಸುತ್ತದೆ, ಕೂದಲ ಮೇಲೆ ಪಟ್ಟಿಯ ಗುರುತು ಬೀಳುತ್ತದೆ. ನಾವು ಟ್ರಂಕ್ ಕಾಲ್, ಅಂದರೆ ದೂರದ ಊರಿನ ಕರೆ, ಕೂಡಿಸಿದ ಮೇಲೆ ಎರಡೂ ಕಡೆ ಮಾತು ಕೇಳುತ್ತಿದೆಯಾ ಅಂತ ಒಂದು ಗಳಿಗೆ ಕೇಳಿಸಿಕೊಳ್ಳಲೇಬೇಕು. ಅದು ಕೆಲಸ. ಆಮೇಲೆ ಮಾತು ನಮ್ಮ ಕಿವಿಗೆ ಬೀಳದ ಹಾಗೆ ಕೀ ಹಿಂದಕ್ಕೆ ತಳ್ಳಬೇಕು. ಅದೂ ಕೆಲಸವೇ. ಎಲ್ಲ ಸಲ ತಳ್ಳಿದೆ ಅಂತ ಹೇಳಿದರೆ ಸುಳ್ಳಾಗುತ್ತದೆ.

ಘಟ್ಟದ ಮೇಲಿನ ಒಂದು ಊರಿನಲ್ಲಿದ್ದಾಗಿನ ಮಾತು. ಮುಂಬೈ ಹೋಟೆಲಿನಲ್ಲಿ ಕೆಲಸಕ್ಕಿದ್ದ ಹುಡುಗನೊಬ್ಬ ಊರಿನ ಕಿರಾಣಿ ಅಂಗಡಿಗೆ ಪಿ.ಪಿ. ಕಾಲ್, ಅಂದರೆ ಇಂಥವರನ್ನೇ ಕರೆಯಿರಿ ಅನ್ನುವ ಕಾಲ್, ಮಾಡಿ ತಾಯಿಯನ್ನು ಕರೆಸುತ್ತಿದ್ದ. ಕೆಲಸ ಹೋಗಿದೆ, ಮಲಗಲು ಜಾಗವೂ ಇಲ್ಲ ಅಂತ ಸೋದರಮಾವನ ಹತ್ತಿರ ಹೇಳಿದ್ದು ಹಿಂದಿನ ದಿನ ನನ್ನ ಕಿವಿಗೆ ಬಿದ್ದಿತ್ತು. ತಾಯಿ ಬಂದಾಗ ಹೇಳಿದ: ‘ಊಟ ಚೆನ್ನಾಗಿದೆ ಆಯಿ, ದಪ್ಪ ಆಗಿದ್ದೇನೆ.’ ಮೂರು ನಿಮಿಷ ಮುಗಿಯಿತು. ನಾನು ಬಾಯಿ ಹಾಕಿ ‘ತ್ರೀ ಮಿನಿಟ್ಸ್’ ಅನ್ನಬೇಕಿತ್ತು. ಅನ್ನಲಿಲ್ಲ. ಆರು ನಿಮಿಷ ಬಿಟ್ಟೆ, ಬಿಲ್ಲಿನ ಟಿಕೆಟ್ಟಿನಲ್ಲಿ ಮೂರೇ ಬರೆದೆ.

ಹಾಗಾಗಿ ವೀಸ್ಲರ್‌ನ ಕಣ್ಣೀರು ನನಗೆ ಗೊತ್ತು. ಆದರೆ ಸಿಕ್ಕಿಬಿದ್ದಿದ್ದರೆ ನನಗೆ ಹೋಗುತ್ತಿದ್ದದ್ದು ಕೆಲವು ರೂಪಾಯಿ, ಮೇಲಿಂದ ಒಂದು ಮೆಮೊ. ಅವನದ್ದು ಆ ಲೆಕ್ಕ ಅಲ್ಲ. 1989ರಲ್ಲಿ ಸ್ಟಾಸಿಯಲ್ಲಿ ಸಂಬಳದ ನೌಕರರೇ ಸುಮಾರು 91,000 ಜನ. ಗುಟ್ಟಾಗಿ ಸುದ್ದಿ ಕೊಡುವ ನೆರೆಹೊರೆಯವರು ಅದಕ್ಕಿಂತ ಜಾಸ್ತಿ. ಅವರು ಬರೆದಿಟ್ಟ ಕಡತಗಳನ್ನು ಸಾಲಾಗಿ ನಿಲ್ಲಿಸಿದರೆ 111 ಕಿಲೋಮೀಟರ್. ಹೆಚ್ಚುಕಡಿಮೆ ನಿಮ್ಮ ಶಿರಸಿಯಿಂದ ನಮ್ಮ ಕಾರವಾರದವರೆಗೆ. ಘಟ್ಟ ಇಳಿಯುವಾಗ ಬಸ್ಸಿನ ಕಿಟಕಿಯಲ್ಲಿ ಮರಗಳ ಬದಲು ಬರೀ ಫೈಲು ಅಂತ ಊಹಿಸಿ ನೋಡಿ.

ಬರ್ಲಿನ್ನಿನಲ್ಲಿ ಸ್ಟಾಸಿ ಜೈಲು ಈಗ ಸ್ಮಾರಕ. ಅಲ್ಲಿ ಚಿತ್ರೀಕರಣ ಮಾಡಲು ಆಗಿನ ಮುಖ್ಯಸ್ಥ ಹುಬರ್ಟಸ್ ಕ್ನಾಬೆ ಒಪ್ಪಲಿಲ್ಲ. ತನ್ನ ಬೇಟೆಯನ್ನೇ ಕಾಪಾಡಿದ ವೀಸ್ಲರ್‌ನಂಥ ಸ್ಟಾಸಿ ಅಧಿಕಾರಿ ಇರಲೇ ಇಲ್ಲ ಅನ್ನುವುದು ಅವರ ವಾದ. ನನಗೆ ಅವರ ಮಾತು ಸರಿ ಅನಿಸುತ್ತದೆ. ನಿರ್ದೇಶಕ ಡೊನರ್ಸ್‌ಮಾರ್ಕ್ ಕೂಡ ಪಶ್ಚಿಮದವರೇ. ಆದರೆ ವೀಸ್ಲರ್ ಆದ ಉಲ್ರಿಶ್ ಮ್ಯೂಹೆ ಪೂರ್ವದವರು, ಯೌವನದಲ್ಲಿ ಅದೇ ಗೋಡೆಗೆ ಕಾವಲು ನಿಂತಿದ್ದವರು. ಆ ಮುಖ ಇಲ್ಲದಿದ್ದರೆ ಕತೆ ನಿಲ್ಲುತ್ತಿರಲಿಲ್ಲ.

ನನಗೆ ಪಿಯಾನೊ ಸೀನಿಗಿಂತ ಚಿಕ್ಕದೊಂದು ಸೀನು ಬೇಕು. ಮೈಕು ಕೂರಿಸಿ ಹೊರಗೆ ಬರುವಾಗ ಎದುರು ಮನೆಯ ಹೆಂಗಸು ಬಾಗಿಲ ತೂತಿನಿಂದ ನೋಡಿದ್ದು ವೀಸ್ಲರ್‌ಗೆ ಗೊತ್ತಾಗುತ್ತದೆ. ಬಾಗಿಲು ತಟ್ಟಿ ಹೇಳುತ್ತಾನೆ: ಒಂದು ಮಾತು ಹೊರಬಿದ್ದರೂ ನಿನ್ನ ಮಗಳ ಮೆಡಿಕಲ್ ಸೀಟು ಹೋಯಿತು. ಅಷ್ಟೇ. ಬೈಗುಳ ಇಲ್ಲ, ಪಿಸ್ತೂಲು ಇಲ್ಲ. ನನ್ನ ಮಟ್ಟಿಗೆ ಇಡೀ ಸಿನಿಮಾ ಆ ಬಾಗಿಲಲ್ಲಿದೆ.

ತಂಗೀ, ಇಷ್ಟು ಜನ ಸತ್ತ, ಜೈಲಿಗೆ ಹೋದ ಕಾಲದ ಮೇಲೆ ಹಾಸ್ಯದ ಸಿನಿಮಾ ಮಾಡುವುದು ಸರಿಯೇ? ‘ದ ಡೆತ್ ಆಫ್ ಸ್ಟಾಲಿನ್’ ನೋಡಿ ನಕ್ಕೆ, ಆಮೇಲೆ ಬೇಸರವಾಯಿತು. — ನಿವೃತ್ತ ಶಿಕ್ಷಕರು, ಅಂಕೋಲಾ

ಮಾಸ್ತರ್ರೇ, ನೀವು ಬಯಲಾಟ ನೋಡಿ ಬೆಳೆದವರು. ರಾಜನ ಮುಖದ ಮೇಲೇ ನಿಜ ಹೇಳುವವನು ಯಾರು? ಹಾಸ್ಯಗಾರ. ಉಳಿದವರೆಲ್ಲ ‘ಅಪ್ಪಣೆ’ ಅನ್ನುವವರು.

ನೀವು ನೋಡಿದ್ದು 2017ರ ಸಿನಿಮಾ. ಇಂಗ್ಲೆಂಡಿನಲ್ಲಿ ಕೂತು ಮಾಡಿದ ನಗು. ರಷ್ಯಾದಲ್ಲಿ ಬಿಡುಗಡೆಗೆ ಎರಡು ದಿನ ಇರುವಾಗ, 2018ರ ಜನವರಿಯಲ್ಲಿ, ಅನುಮತಿ ವಾಪಸು ಪಡೆದರು. ನನಗೆ ಅದರ ಮೊದಲ ಹತ್ತು ನಿಮಿಷ ಸಾಕು. ರೇಡಿಯೋದಲ್ಲಿ ಬಂದ ಸಂಗೀತ ಕಚೇರಿಯ ರೆಕಾರ್ಡು ಬೇಕು ಅಂತ ಸ್ಟಾಲಿನ್‌ನಿಂದ ಫೋನು. ರೆಕಾರ್ಡು ಮಾಡಿಯೇ ಇಲ್ಲ. ಬಾಗಿಲು ಹಾಕಿ ಇಡೀ ಕಚೇರಿಯನ್ನು ಮತ್ತೊಮ್ಮೆ ನುಡಿಸುತ್ತಾರೆ. ಕೈ ನಡುಗುವುದೂ ನಗು ಬರುವುದೂ ಒಟ್ಟಿಗೇ.

ಆದರೆ ಒಳಗೇ ಇದ್ದು ನಕ್ಕವರ ಗತ್ತೇ ಬೇರೆ. 1969ರಲ್ಲಿ ಹಂಗೇರಿಯಲ್ಲಿ ಪೀಟರ್ ಬಾಚೊ ‘ಸಾಕ್ಷಿ’ ಅನ್ನುವ ಅರ್ಥದ ಹೆಸರಿನ ಸಿನಿಮಾ ಮಾಡಿದರು. ಹತ್ತು ವರ್ಷ ಕಪಾಟಿನಲ್ಲಿ ಬೀಗ. ಅದರಲ್ಲಿ ನದಿಯ ಒಡ್ಡು ಕಾಯುವ ಪೆಲಿಕಾನ್ ಅನ್ನುವ ಬಡಪಾಯಿ ಇದ್ದಾನೆ. ಮನೆಯವರ ಹೊಟ್ಟೆಗೆ ಅಂತ ಕದ್ದು ಹಂದಿ ಕೊಯ್ದದ್ದೇ ಅವನ ಅಪರಾಧ. ಜೈಲಿನಿಂದ ಬಿಡಿಸಿ ಅವನಿಗೆ ಅರ್ಥವೇ ಆಗದ ದೊಡ್ಡ ದೊಡ್ಡ ಹುದ್ದೆ ಕೊಡುತ್ತಾರೆ. ಅದರಲ್ಲೊಂದು ಕಿತ್ತಳೆ ಸಂಶೋಧನಾ ಸಂಸ್ಥೆ. ಚಳಿದೇಶದಲ್ಲಿ ಕಿತ್ತಳೆ! ವರ್ಷಗಟ್ಟಲೆ ಕಷ್ಟಪಟ್ಟು ಒಂದೇ ಒಂದು ಹಣ್ಣು ಬಿಡುತ್ತದೆ. ಸಮಾರಂಭದ ದಿನ ಅದನ್ನು ಮಗು ತಿಂದುಬಿಡುತ್ತದೆ. ಗಡಿಬಿಡಿಯಲ್ಲಿ ದೊಡ್ಡ ಮನುಷ್ಯರ ಕೈಗೆ ಲಿಂಬೆಹಣ್ಣು ಕೊಡುತ್ತಾರೆ. ಅವರು ಕಚ್ಚಿ ಮುಖ ಕಿವುಚುತ್ತಾರೆ. ಇದು ಹೊಸ ಹಂಗೇರಿ ಕಿತ್ತಳೆ, ಸ್ವಲ್ಪ ಹಳದಿ, ಸ್ವಲ್ಪ ಹುಳಿ, ಆದರೆ ನಮ್ಮದು ಅಂತ ಉತ್ತರ. ಆ ಮಾತು ಅಲ್ಲಿ ಗಾದೆಯಾಗಿ ಹೋಗಿದೆಯಂತೆ.

ಕಾಲಂ ಬರೆಯುವವಳು ಹೇಳಬಾರದು, ಆದರೂ ಹೇಳುತ್ತೇನೆ. ನಮ್ಮಲ್ಲೂ ಸಮಾರಂಭಗಳಲ್ಲಿ ಇಂಥ ಲಿಂಬೆಹಣ್ಣು ಎಷ್ಟು ತಿಂದಿಲ್ಲ ನಾವು?

ಚೀನಾ ಇನ್ನೂ ಕಮ್ಯುನಿಸ್ಟ್ ಪಕ್ಷದ ಆಳ್ವಿಕೆಯಲ್ಲಿದೆ. ಅಲ್ಲಿದ್ದುಕೊಂಡೇ ಅಲ್ಲಿನ ಕಷ್ಟ ತೋರಿಸುವ ಸಿನಿಮಾ ಮಾಡಲಿಕ್ಕಾಗುತ್ತಾ? — ಓದುಗರು, ಜೋಯಿಡಾ

ಒಮ್ಮೆ ಆಗುತ್ತದೆ, ಒಮ್ಮೆ ಆಗುವುದಿಲ್ಲ. ಝಾಂಗ್ ಯಿಮೋ 1994ರಲ್ಲಿ ‘ಟು ಲಿವ್’ ಮಾಡಿದರು. ತೊಗಲುಬೊಂಬೆ ಆಡಿಸುವವನ ಸಂಸಾರದ ಕತೆ. ಉಕ್ಕು ಮಾಡುವ ಅಭಿಯಾನಕ್ಕೆ ಮನೆಯ ಬಾಣಲೆಯನ್ನೂ ಕೊಂಡೊಯ್ಯುತ್ತಾರೆ. ಓದಿದವರನ್ನೆಲ್ಲ ಶತ್ರು ಅಂದ ಸಾಂಸ್ಕೃತಿಕ ಕ್ರಾಂತಿಯ ಕಾಲಕ್ಕೆ ಮಗಳ ಹೆರಿಗೆ. ಅನುಭವಿ ಡಾಕ್ಟರುಗಳೆಲ್ಲ ಬಂಧನದಲ್ಲಿ. ಹೇಗೋ ಎಳೆದು ತಂದ ಒಬ್ಬ ಮುದಿ ಡಾಕ್ಟರು ದಿನಗಟ್ಟಲೆ ಉಪವಾಸ ಇದ್ದವನು. ಕೊಟ್ಟ ಬನ್ನುಗಳನ್ನು ಗಬಗಬ ತಿಂದು, ನೀರು ಕುಡಿದು, ಹೊಟ್ಟೆ ಉಬ್ಬಿ ಏಳಲಾರದೆ ಬೀಳುತ್ತಾನೆ. ಒಳಗೆ ಮಗಳು ರಕ್ತ ಹೋಗಿ ಸಾಯುತ್ತಾಳೆ. ಈ ಸಿನಿಮಾವನ್ನು ಚೀನಾದಲ್ಲಿ ತೋರಿಸಲು ಬಿಡಲಿಲ್ಲ.

ಜಿಯಾ ಝಾಂಗ್‌ಕೆಯ ‘ಸ್ಟಿಲ್ ಲೈಫ್’ಗೆ ಮಾತ್ರ ಅಲ್ಲಿ ಅನುಮತಿ ಸಿಕ್ಕಿತು. 2006ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಚಿನ್ನದ ಸಿಂಹ ಪ್ರಶಸ್ತಿಯೂ ಬಂತು. ನೀವು ಜೋಯಿಡಾದವರು, ನಿಮಗೆ ಇದನ್ನು ನಾನು ವಿವರಿಸುವುದು ಸಮುದ್ರಕ್ಕೆ ಉಪ್ಪು ಹೊತ್ತ ಹಾಗೆ. ಯಾಂಗ್ಟ್‌ಸಿ ನದಿಯ ತ್ರೀ ಗೋರ್ಜಸ್ ಅಣೆಕಟ್ಟಿಗೆ ಮುಳುಗುತ್ತಿರುವ ಫೆಂಗ್‌ಜೀ ಅನ್ನುವ ಊರು. ಆ ಅಣೆಕಟ್ಟಿಗೆ ಎದ್ದು ಹೋದವರು 12 ಲಕ್ಷಕ್ಕೂ ಹೆಚ್ಚು. ಬಿಟ್ಟುಹೋದ ಹೆಂಡತಿಯನ್ನು ಹುಡುಕಿಕೊಂಡು ಹದಿನಾರು ವರ್ಷದ ಮೇಲೆ ಒಬ್ಬ ಗಣಿ ಕೆಲಸಗಾರ ಬರುತ್ತಾನೆ. ಕೈಯಲ್ಲಿ ವಿಳಾಸದ ಚೀಟಿ. ಬೈಕಿನವನು ದುಡ್ಡು ತಗೊಂಡು ನದಿ ದಂಡೆಗೆ ಕರೆದೊಯ್ದು ನೀರಿನ ಕಡೆ ಕೈ ತೋರಿಸುತ್ತಾನೆ. ನಿನ್ನ ಬೀದಿ ಅಲ್ಲಿದೆ, ಕೆಳಗೆ.

ನನ್ನ ಚಿಕ್ಕಪ್ಪ ಸೂಪಾದಲ್ಲಿ ಅಂಗಡಿ ಇಟ್ಟಿದ್ದರು. ಕಾಳಿ ನದಿಗೆ ಅಣೆಕಟ್ಟು ಬಂದು ಊರು ನೀರಿಗೆ ಹೋಯಿತು, ತಾಲೂಕಿನ ಹೆಸರೂ ಜೋಯಿಡಾ ಆಯಿತು. ಸಾಯುವ ತನಕ ಅವರು ವಿಳಾಸ ಹೇಳುವಾಗ ‘ಸೂಪಾ’ ಅಂತಲೇ ಶುರು ಮಾಡಿ, ನಡುವೆ ನಿಂತು, ತಿದ್ದಿಕೊಳ್ಳುತ್ತಿದ್ದರು. ಈ ಸಿನಿಮಾ ನೋಡಿದ ರಾತ್ರಿ ಅವರದೇ ಧ್ವನಿ ಕಿವಿಯಲ್ಲಿ. ಹಾಗಾದರೆ ಇದು ಕಮ್ಯುನಿಸಂನ ಕತೆಯೋ, ಅಣೆಕಟ್ಟಿನ ಕತೆಯೋ? ಬಿಡಿಸಿ ಹೇಳಲು ನನಗೆ ಬಾರದು. ನಮ್ಮಲ್ಲಿ ಪಕ್ಷ ಬೇರೆ ಇತ್ತು, ಕೋರ್ಟು ಇತ್ತು, ಪತ್ರಿಕೆ ಇತ್ತು. ಸೂಪಾ ಮಾತ್ರ ಮುಳುಗಿತು.

ಸಬ್‌ಟೈಟಲ್ ಓದುವ ತಾಳ್ಮೆ ಇಲ್ಲ. ನಮ್ಮ ಕಡೆಯದು ಯಾವುದೂ ಇಲ್ವಾ? — ಓದುಗರು, ಭಟ್ಕಳ

ಮಲಯಾಳದ ‘ಸಂದೇಶಂ’, 1991. ಅಣ್ಣ ಎಡಪಕ್ಷ, ತಮ್ಮ ಎದುರು ಪಕ್ಷ, ಮನೆ ರಣರಂಗ. ಪೋಲೆಂಡ್ ಬಗ್ಗೆ ಮಾತ್ರ ಒಂದು ಅಕ್ಷರ ಎತ್ತಬೇಡ ಅಂತ ಅಣ್ಣ ಗುಡುಗುತ್ತಾನೆ. ಅಲ್ಲಿ ಆಗಷ್ಟೇ ಕಮ್ಯುನಿಸ್ಟ್ ಆಡಳಿತ ಬಿದ್ದಿತ್ತು, ಅದಕ್ಕೆ. ನನಗೆ ನೇವಿಯವರ ಮನೆಯ ಮಲಯಾಳಿ ಗೆಳತಿ ಪಕ್ಕದಲ್ಲಿ ಕೂತು ಹೇಳಿಕೊಟ್ಟಳು. ನೀವೂ ಒಬ್ಬರನ್ನು ಹುಡುಕಿಕೊಳ್ಳಿ.

ಮೇಡಂ, ರುಮೇನಿಯಾದ ಗರ್ಭಪಾತದ ಸಿನಿಮಾ ನೋಡಲು ಹೆದರಿಕೆ. ನೋಡಲೇಬೇಕಾ? — ನರ್ಸ್, ಹೊನ್ನಾವರ

‘4 ಮಂತ್ಸ್, 3 ವೀಕ್ಸ್ ಅಂಡ್ 2 ಡೇಸ್’ ತಾನೇ? ಕ್ರಿಸ್ಟಿಯಾನ್ ಮುಂಜಿಯು ಅವರದ್ದು, 2007ರಲ್ಲಿ ಕಾನ್ ಚಿತ್ರೋತ್ಸವದ ದೊಡ್ಡ ಪ್ರಶಸ್ತಿ. ನೋಡಿ. ಆದರೆ ನೈಟ್ ಡ್ಯೂಟಿ ಮುಗಿಸಿ ಬಂದು ನೋಡಬೇಡಿ.

1966ರಲ್ಲಿ ಅಲ್ಲಿ ಗರ್ಭಪಾತ ನಿಷೇಧ ಆಯಿತು. ಜನಸಂಖ್ಯೆ ಹೆಚ್ಚಬೇಕು ಅಂತ ಸರ್ವಾಧಿಕಾರಿ ಚೌಸೆಸ್ಕು ಸರ್ಕಾರದ ಹಟ. ಸಿನಿಮಾ ನಡೆಯುವುದು 1987ರ ಒಂದೇ ದಿನ, ಹಾಸ್ಟೆಲಿನ ಇಬ್ಬರು ಹುಡುಗಿಯರು. ಪಕ್ಷದ ಭಾಷಣ ಒಂದೂ ಇಲ್ಲ. ಹೋಟೆಲ್ ರೂಮಿಗೆ ಗೋಗರೆಯುವುದು, ಗುರುತಿನ ಚೀಟಿ, ಕೆಲಸ ಆಗಲು ಕೆಂಟ್ ಸಿಗರೇಟಿನ ಪ್ಯಾಕು. ಅಲ್ಲಿ ಅದು ನೋಟಿನಷ್ಟೇ ಚಲಾವಣೆ. ಗೆಳತಿಗೆ ಏನಾಗಿದೆಯೋ ಅಂತ ಒಳಗೆ ಬೇಯುತ್ತಾ, ಪ್ರಿಯಕರನ ತಾಯಿಯ ಹುಟ್ಟುಹಬ್ಬದ ಊಟಕ್ಕೆ ಕೂತ ಹುಡುಗಿಯ ಮುಖವನ್ನು ಕ್ಯಾಮೆರಾ ಅಲ್ಲಾಡದೆ ನೋಡುತ್ತದೆ. ಸುತ್ತ ಹಿರಿಯರ ಹರಟೆ. ಆ ಊಟದಿಂದ ಎದ್ದು ಹೋಗಲಾರದ ಹುಡುಗಿಯರನ್ನು ನೀವು ನಿಮ್ಮ ವಾರ್ಡಿನಲ್ಲಿ ಕಂಡಿರುತ್ತೀರಿ.

ಎಲ್ಲ ಮುಗಿದ ಮೇಲೆ ಜನ ಏನಾದರು ಅಂತ ತೋರಿಸುವ ಸಿನಿಮಾ ಯಾವುದು? ಗೋಡೆ ಬಿತ್ತು, ಪ್ರತಿಮೆ ಬಿತ್ತು, ಅಲ್ಲಿಗೇ ಎಲ್ಲರೂ ನಿಲ್ಲಿಸುತ್ತಾರಲ್ಲ. — ಓದುಗರು, ಕಾರವಾರ

ನಮ್ಮೂರಿನವರೇ ಕೇಳಿದ್ದು ಸರಿಯಾಯಿತು. ಸೋವಿಯತ್ ದೇಶದ ಉಳಿಕೆ ನಮ್ಮ ಕಣ್ಣೆದುರೇ ಇದೆಯಲ್ಲ. ಟಾಗೋರ್ ಬೀಚಿನಲ್ಲಿ ಮ್ಯೂಸಿಯಂ ಆಗಿ ನಿಂತ ಚಪಲ್ ಹಡಗು ಸೋವಿಯತ್ ಕೆಲಸ. ಅದರ ಪಕ್ಕ ಮಕ್ಕಳು ಐಸ್‌ಕ್ರೀಂ ತಿನ್ನುತ್ತವೆ. ಅರ್ಗಾದ ನೌಕಾನೆಲೆಗೆ ಬಂದ ವಿಮಾನವಾಹಕ ಹಡಗು ವಿಕ್ರಮಾದಿತ್ಯ 1982ರಲ್ಲಿ ನೀರಿಗಿಳಿದಾಗ ಅದರ ಹೆಸರು ಬಾಕು. ಆಮೇಲೆ ಅಡ್ಮಿರಲ್ ಗೋರ್ಷ್ಕೋವ್. 2013ರಲ್ಲಿ ನಮ್ಮದಾಯಿತು. ಕಟ್ಟಿದ ಮಿಕೊಲಾಯಿವ್ ಈಗ ಯುಕ್ರೇನಿನಲ್ಲಿ, ಬಾಕು ಅಜರ್‌ಬೈಜಾನಿನಲ್ಲಿ, ಹಡಗು ನಮ್ಮಲ್ಲಿ. ಒಂದು ಹಡಗಿಗೇ ಇಷ್ಟು ಹೆಸರು ಬದಲಾದರೆ ಮನುಷ್ಯರ ಪಾಡೇನು?

ನೀವು ಕೇಳಿದ್ದಕ್ಕೆ ಒಂದೇ ಹೆಸರು ಹೇಳುತ್ತೇನೆ. ರುಮೇನಿಯಾದ ಕೊರ್ನೆಲಿಯು ಪೊರುಂಬೋಯು ಅವರ ‘12:08 ಈಸ್ಟ್ ಆಫ್ ಬುಖಾರೆಸ್ಟ್’, 2006. 1989ರ ಡಿಸೆಂಬರ್ 22ರ ಮಧ್ಯಾಹ್ನ 12 ಗಂಟೆ 8 ನಿಮಿಷಕ್ಕೆ ಚೌಸೆಸ್ಕು ಹೆಲಿಕಾಪ್ಟರ್ ಹತ್ತಿ ಓಡಿಹೋದ. ಹದಿನಾರು ವರ್ಷದ ಮೇಲೆ ಸಣ್ಣ ಊರಿನ ಟಿವಿಯಲ್ಲಿ ಒಂದು ಚರ್ಚೆ. ಆ ಹೊತ್ತಿಗಿಂತ ಮೊದಲು ನಮ್ಮೂರಿನ ಚೌಕದಲ್ಲಿ ಯಾರಾದರೂ ಬಂದು ಕೂಗಿದ್ದರಾ? ಕೂಗಿದ್ದರೆ ನಮ್ಮಲ್ಲೂ ಕ್ರಾಂತಿ ಆಯಿತು. ಆಮೇಲೆ ಬಂದಿದ್ದರೆ ಸುಮ್ನೆ ಜಾತ್ರೆಗೆ ಬಂದ ಹಾಗೆ.

ಅತಿಥಿಗಳು ಇಬ್ಬರು. ಸಾಲ ಮಾಡಿ ಕುಡಿಯುವ ಮೇಷ್ಟ್ರು, ಕ್ರಿಸ್‌ಮಸ್ ತಾತನ ವೇಷ ಹಾಕುವ ಮುದುಕ. ಮೇಷ್ಟ್ರು ‘ನಾನು ಚೌಕದಲ್ಲಿದ್ದೆ’ ಅನ್ನುತ್ತಾನೆ. ಫೋನು ಮಾಡಿದವರೆಲ್ಲ ‘ಇಲ್ಲ, ನೀನು ಬಾರಿನಲ್ಲಿದ್ದೆ’ ಅನ್ನುತ್ತಾರೆ. ಮುದುಕ ಪಕ್ಕದಲ್ಲಿ ಕಾಗದದ ದೋಣಿ ಮಡಚುತ್ತಾನೆ. ಅರ್ಧ ಸಿನಿಮಾ ಬರೀ ಈ ಮೂವರು ಒಂದು ಮೇಜಿನ ಹಿಂದೆ. ನಗು ತಡೆಯಲು ಆಗಲಿಲ್ಲ ನನಗೆ. ಸ್ವಾತಂತ್ರ್ಯ ಹೋರಾಟದಲ್ಲಿ ಯಾರಿದ್ದರು, ಯಾರು ಪಿಂಚಣಿಗಾಗಿ ಆಮೇಲೆ ಸೇರಿಕೊಂಡರು ಅಂತ ನಮ್ಮ ಕಡೆ ಜಗಲಿಗಳಲ್ಲಿ ನಡೆಯುತ್ತಿದ್ದ ಜಗಳ ಥೇಟ್ ಹೀಗೇ ಇತ್ತು.

ಕೊನೆಗೆ ಇನ್ನೊಂದು ಫೋನು ಬರುತ್ತದೆ. ಒಬ್ಬ ಹೆಂಗಸು. ನನಗೇನೂ ಕೇಳಲಿಕ್ಕಿಲ್ಲ, ಹೊರಗೆ ದೊಡ್ಡ ದೊಡ್ಡ ಹಿಮ ಬೀಳುತ್ತಿದೆ ಅಂತ ಹೇಳಲು ಮಾಡಿದೆ ಅನ್ನುತ್ತಾಳೆ. ಈಗಲೇ ನೋಡಿಕೊಳ್ಳಿ, ನಾಳೆ ಎಲ್ಲ ಕೆಸರಾಗುತ್ತದೆ. ಅವಳ ಮಗ ಆ ಡಿಸೆಂಬರ್ 23ರಂದು ಬುಖಾರೆಸ್ಟಿನಲ್ಲಿ ಸತ್ತಿದ್ದಾನೆ. ಹಬ್ಬದ ಶುಭಾಶಯ ಹೇಳಿ ಇಟ್ಟುಬಿಡುತ್ತಾಳೆ. ಸ್ಟುಡಿಯೋದಲ್ಲಿ ಮೂವರಿಗೂ ಮಾತಿಲ್ಲ. ಆಮೇಲೆ ಊರಿನ ಬೀದಿದೀಪಗಳು ಒಂದೊಂದಾಗಿ ಹತ್ತುತ್ತವೆ.

ರಿಟೈರ್ ಆಗಿ ಇಷ್ಟು ವರ್ಷವಾದರೂ ನನ್ನ ಕೈ ತಾನಾಗೇ ಎದ್ದಿತು, ಆ ಲೈನು ಇನ್ನೂ ಮೂರು ನಿಮಿಷ ಹಿಡಿದಿಡಲು.